ಗುಲ್ಮ ಹೇಳಿದ ಸಾಕ್ಷಿ

ವಿದ್ಯಾರ್ಥಿಗಳೇ, ಹೂವಿನಹಡಗಲಿ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಗೆ ಹೊಸಪೇಟೆಯ ಬಳಿ ಕಟ್ಟಿದ ಅಣೆಕಟ್ಟು 1953ರಲ್ಲಿ ಸಿದ್ಧವಾಯಿತು. ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾದದ್ದೂ ಅದೇ ವರ್ಷ. ನೀರಾವರಿ ಬಂದೆಡೆ ಮಲೇರಿಯಾದ ಭಯವೂ ಇತ್ತು. 1930ರ ದಶಕದಲ್ಲಿ ಮಂಡ್ಯದ ಇರ್ವಿನ್ ನಾಲೆಯ ಹಳ್ಳಿಗಳನ್ನು ಅದು ಕಾಡಿತ್ತು.

ಒಂದು ಹಳ್ಳಿಯಲ್ಲಿ ಮಲೇರಿಯಾ ಎಷ್ಟಿದೆ ಎಂದು ಹಿಂದೆ ಅಳೆಯುತ್ತಿದ್ದುದು ಹೇಗೆ ಗೊತ್ತೇ? ಮಕ್ಕಳ ಎಡ ಪಕ್ಕೆಲುಬಿನ ಕೆಳಗೆ ಕೈಯಿಂದ ಒತ್ತಿ ನೋಡುತ್ತಿದ್ದರು. ಗುಲ್ಮ ಊದಿದ ಮಕ್ಕಳು ನೂರಕ್ಕೆ ಎಷ್ಟು ಎಂಬುದೇ ಲೆಕ್ಕ. ಡೆಂಪ್‌ಸ್ಟರ್ ಎಂಬ ವೈದ್ಯರು 1840ರ ದಶಕದಲ್ಲಿ ಯಮುನಾ ಕಾಲುವೆಯ ಹಳ್ಳಿಗಳಲ್ಲಿ ಈ ಕ್ರಮ ಬಳಸಿದರು. ಲಾವೆರಾನ್ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದು 1880ರಲ್ಲಿ. ರೋಗಕಾರಣ ತಿಳಿಯುವ ಮೊದಲೇ ಗುಲ್ಮ ಸಾಕ್ಷಿ ಹೇಳಿತ್ತು!

ಗುಲ್ಮ ಊದುವುದೇಕೆ? ನಮಗೆ ಹುಟ್ಟಿನಿಂದಲೇ ಬಂದ ರೋಗನಿರೋಧಕ ಶಕ್ತಿಗೆ ಅದೊಂದು ಠಾಣೆ. ಫಾಲ್ಸಿಪಾರಂ ಜಾತಿಯ ಪರಾವಲಂಬಿ ಹೊಕ್ಕ ಕೆಂಪು ರಕ್ತಕಣ ಗಡುಸಾಗಿ, ಗುಲ್ಮದ ಕಿರಿದಾದ ಸಂದುಗಳಲ್ಲಿ ಸಿಕ್ಕಿಬೀಳುತ್ತದೆ. ಅಲ್ಲಿನ ಭಕ್ಷಕ ಕಣಗಳು ಅದನ್ನು ನುಂಗುತ್ತವೆ. ಈ ನುಂಗುವ ಗುಣವನ್ನು ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಲಾರ್ವಾದಲ್ಲಿ ಕಂಡರು. 1908ರಲ್ಲಿ ನೊಬೆಲ್ ಬಹುಮಾನ ಹಂಚಿಕೊಂಡರು. ಸೋಂಕಿತ ಕಣಗಳು ಒಡೆದಾಗ ಹೊರಬೀಳುವ ವಸ್ತುಗಳನ್ನು ಬಿಳಿ ರಕ್ತಕಣಗಳು ಗುರುತಿಸಿ, ಸೈಟೊಕೈನ್ ಎಂಬ ಸಂದೇಶವಾಹಕಗಳನ್ನು ಹೊರಬಿಡುತ್ತವೆ. ಚಳಿಜ್ವರ ಬರುವುದು ಇದರಿಂದಲೇ. ಮತ್ತೆ ಮತ್ತೆ ಸೋಂಕು ತಗುಲಿದರೆ ಗುಲ್ಮ ದೊಡ್ಡದಾಗುತ್ತಾ ಹೋಗುತ್ತದೆ.

ಈ ಹೋರಾಟ ಮಿತಿಮೀರಿದರೆ ದೇಹಕ್ಕೇ ಹಾನಿ. ಆದ್ದರಿಂದ ಚಳಿಜ್ವರ ಬಂದಾಗ ತಾನಾಗಿಯೇ ಹೋದೀತೆಂದು ಕೂರಬೇಡಿ. ರಕ್ತ ಪರೀಕ್ಷೆ ಮಾಡಿಸಿ. ಅಂದು ವೈದ್ಯರ ಅಂಗೈಗೆ ಸಿಗುತ್ತಿದ್ದ ಸಾಕ್ಷಿ ಇಂದು ಒಂದು ಹನಿ ರಕ್ತದಲ್ಲೇ ಸಿಗುತ್ತದೆ.