ಬೈಕಿಗೆ ಯಾವ ಪೆಟ್ರೋಲ್, ಯಾವ ಆಯಿಲ್? ಜಾಸ್ತಿ ದುಡ್ಡು ಕೊಡುವ ಮೊದಲು ಇಷ್ಟು ಗೊತ್ತಿರಲಿ

ಕೊಕ್ಕಡ: ಕೊಕ್ಕಡ, ಸೌತಡ್ಕ, ಶಿಶಿಲ, ಪಟ್ರಮೆ ಭಾಗದಲ್ಲಿ ಬೈಕ್ ಅಂದರೆ ಬರೀ ತಿರುಗಾಟಕ್ಕಲ್ಲ. ಬೆಳಿಗ್ಗೆ ಡೈರಿಗೆ ಹಾಲು, ಮಧ್ಯಾಹ್ನ ಪೇಟೆಯಿಂದ ಹಿಂಡಿ ಗೋಣಿ, ಸಂಜೆ ಮಕ್ಕಳನ್ನು ಕರೆತರುವುದು ಎಲ್ಲ ಅದರಲ್ಲೇ. ಇಂಜಿನ್ ಕೈಕೊಟ್ಟು ನಾಲ್ಕು ದಿನ ಗ್ಯಾರೇಜಿನಲ್ಲಿ ನಿಂತರೆ ದುಡಿಮೆಯೂ ನಿಂತ ಹಾಗೆ. ಆದರೂ ಪೆಟ್ರೋಲ್, ಆಯಿಲ್ ವಿಷಯದಲ್ಲಿ ಅವರಿವರ ಮಾತು ನಂಬಿ ಬೇಡದ ಕಡೆ ಖರ್ಚು ಮಾಡುವವರು, ಬೇಕಾದ ಕಡೆ ಉಳಿಸುವವರು ಇಬ್ಬರೂ ಇದ್ದಾರೆ. ಬೈಕ್ ಇರುವವರಿಗೂ ಆಯಿಲ್ ಮಾರುವ ಅಂಗಡಿಯವರಿಗೂ ಉಪಯೋಗ ಆಗುವ ಮಾಹಿತಿ ಇಲ್ಲಿದೆ.

ಆಕ್ಟೇನ್ ಅಂದರೆ ಏನು?

ಇಂಜಿನ್ ಒಳಗೆ ಪೆಟ್ರೋಲ್-ಗಾಳಿ ಮಿಶ್ರಣವನ್ನು ಪಿಸ್ಟನ್ ಒತ್ತುತ್ತದೆ. ಸರಿಯಾದ ಹೊತ್ತಿಗೆ ಪ್ಲಗ್ ಕಿಡಿ ಕೊಡುತ್ತದೆ. ಕೆಲವೊಮ್ಮೆ ಒತ್ತಡ ಮತ್ತು ಬಿಸಿಗೆ ಮಿಶ್ರಣದ ಒಂದು ಭಾಗ ತನ್ನಷ್ಟಕ್ಕೇ ಹೊತ್ತಿಕೊಂಡು ಬಡಿಯುತ್ತದೆ. ಭಾರ ಹಾಕಿ ಗುಡ್ಡೆ ಹತ್ತುವಾಗ ಕೇಳುವ ‘ಕಟಕಟ’ ಸದ್ದು ಇದೇ ಇರಬಹುದು. ಇದನ್ನು ತಡೆದುಕೊಳ್ಳುವ ಶಕ್ತಿಯ ಅಳತೆಯೇ ಆಕ್ಟೇನ್. ಅದು ಪೆಟ್ರೋಲಿನ ‘ಪವರ್’ ಅಳತೆ ಅಲ್ಲ.

ಹಾಗಾಗಿ ‘ಪ್ರೀಮಿಯಂ ಹಾಕಿದ್ರೆ ಮೈಲೇಜ್ ಬರ್ತದೆ’ ಎಂಬ ಮಾತು ಎಲ್ಲ ಬೈಕಿಗೆ ಹೊಂದುವುದಿಲ್ಲ. ಒತ್ತಡ ಹೆಚ್ಚಿರುವ, ಹೆಚ್ಚು ಆಕ್ಟೇನ್ ಬೇಕೆಂದು ಕಂಪೆನಿಯೇ ಹೇಳಿದ ಇಂಜಿನ್‌ಗೆ ಅದು ಬೇಕು. 100-125 ಸಿಸಿಯ ದಿನನಿತ್ಯದ ಬೈಕಿಗೆ ಬೇಕಾದ್ದೇ ಇಲ್ಲ. 350 ಸಿಸಿ ಇದ್ದ ಮಾತ್ರಕ್ಕೂ ಬೇಕೆಂದಿಲ್ಲ. ಈಗಿನ ಕ್ಲಾಸಿಕ್ 350ರ ಕಂಪ್ರೆಷನ್ ಅನುಪಾತ 9.5:1 ಅಷ್ಟೆ. ಅದಕ್ಕಿಂತ ಸಣ್ಣ ಇಂಜಿನ್ ಇರುವ ಆರ್15 ಬೈಕಿನದ್ದು 11.6:1. ಸಿಸಿ ನೋಡಿ ಅಲ್ಲ, ಬೈಕಿನ ಜತೆ ಬಂದ ಪುಸ್ತಕ ನೋಡಿ ನಿರ್ಧರಿಸಬೇಕು.

ಲೆಕ್ಕ ಹಾಕಿ ನೋಡಿ: ಲೀಟರಿಗೆ 10 ರೂ. ಹೆಚ್ಚು ಕೊಟ್ಟು ತಿಂಗಳಿಗೆ 20 ಲೀಟರ್ ಹಾಕಿಸಿದರೆ ವರ್ಷಕ್ಕೆ 2,400 ರೂ. ಆ ದುಡ್ಡಿನಲ್ಲಿ ಆಯಿಲ್ ಬದಲಾವಣೆ, ಏರ್ ಫಿಲ್ಟರ್, ಪ್ಲಗ್ ಎಲ್ಲ ಮಾಡಿಸಬಹುದು. ಮೈಲೇಜ್ ಉಳಿಯುವುದು ಅದರಿಂದ.

ಇ20 ಬಂದ ಮೇಲೆ

ಶೇ.20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಈಗ ಬಂಕ್‌ಗಳಲ್ಲಿ ಸಾಮಾನ್ಯ ಪೆಟ್ರೋಲ್ ಅಂದರೆ ಅದೇ. ಎಥೆನಾಲ್‌ನ ಆಕ್ಟೇನ್ ಸುಮಾರು 108. ಹಾಗಾಗಿ ಮೊದಲು 91 ಇದ್ದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಇ20ಯಲ್ಲಿ 95ಕ್ಕೆ ಏರಿದೆ. ಅಂದರೆ 95ರ ಆಸೆಗೆ ಪ್ರೀಮಿಯಂ ಹಾಕಿಸುವ ಕಾರಣವೂ ಕಡಿಮೆಯಾಗಿದೆ.

ಆದರೆ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿ ಕಡಿಮೆ. ಇ10ಕ್ಕೆ ಹೊಂದಿಸಿದ ಹಳೆ ದ್ವಿಚಕ್ರ ವಾಹನಗಳಲ್ಲಿ ಮೈಲೇಜ್ ಶೇ.3ರಿಂದ 4ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೆ ಬೈಕಿನ ಪೆಟ್ರೋಲ್ ಪೈಪ್, ಗ್ಯಾಸ್ಕೆಟ್‌ನಂತಹ ರಬ್ಬರ್ ಭಾಗಗಳ ಮೇಲೂ ಕಣ್ಣಿಡಬೇಕು. ಬಿರುಕು ಅಥವಾ ಪೆಟ್ರೋಲ್ ಜಿನುಗುವುದು ಕಂಡರೆ ಕೂಡಲೇ ಬದಲಾಯಿಸಬೇಕು, ಬೆಂಕಿಯ ಅಪಾಯ ಉಂಟು.

ಇನ್ನೊಂದು ಮಳೆಗಾಲದ ತೊಂದರೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿಗೆ ನೀರು ಹೆಚ್ಚು ಸೇರಿದರೆ ಎಥೆನಾಲ್ ಮತ್ತು ನೀರು ಬೇರೆಯಾಗಿ ಅಡಿಯಲ್ಲಿ ನಿಲ್ಲುತ್ತದೆ, ಬೈಕ್ ಸ್ಟಾರ್ಟ್ ಆಗುವುದಿಲ್ಲ. ಹಾಗಾದರೆ ಕಿಕ್ ಹೊಡೆಯುತ್ತಾ ಕೂರದೆ ಟ್ಯಾಂಕ್ ಖಾಲಿ ಮಾಡಿಸಬೇಕು. ಟ್ಯಾಂಕ್ ಮುಚ್ಚಳದ ರಬ್ಬರ್ ಸರಿ ಇರಲಿ, ಬೈಕನ್ನು ಅಂಗಳದಲ್ಲಿ ಮಳೆಗೆ ಬಿಡಬೇಡಿ, ಕ್ಯಾನಿನಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಡಬೇಡಿ.

ಆಯಿಲ್: ನೋಡಬೇಕಾದ್ದು ಮೂರು ಗುರುತು

1. ದಪ್ಪ: 10ಡಬ್ಲ್ಯು-30, 20ಡಬ್ಲ್ಯು-50 ಎಂದು ಬರೆದಿರುತ್ತದೆ. ಮೊದಲ ಸಂಖ್ಯೆ ತಣ್ಣಗಿರುವಾಗಿನದ್ದು, ಎರಡನೆಯದ್ದು ಇಂಜಿನ್ ಬಿಸಿಯಾದಾಗಿನದ್ದು. ಹೀರೊ, ಹೋಂಡಾದ ಹೆಚ್ಚಿನ ಸಣ್ಣ ಬೈಕುಗಳಿಗೆ 10ಡಬ್ಲ್ಯು-30, ಕ್ಲಾಸಿಕ್ 350ಗೆ 15ಡಬ್ಲ್ಯು-50. ‘ದಪ್ಪ ಆಯಿಲ್ ಒಳ್ಳೇದು’ ಎಂದು 10ಡಬ್ಲ್ಯು-30 ಬೇಕಾದಲ್ಲಿ 20ಡಬ್ಲ್ಯು-50 ಹಾಕಿದರೆ ಇಂಜಿನ್ ಭಾರವಾಗಿ ಮೈಲೇಜ್ ಇಳಿಯುತ್ತದೆ.

2. ಜಾಸೊ ಗುರುತು: ಗೇರ್ ಬೈಕಿನಲ್ಲಿ ಕ್ಲಚ್ ಪ್ಲೇಟ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಅದಕ್ಕೆ ಎಂಎ ಅಥವಾ ಎಂಎ2 ಗುರುತಿನ ಆಯಿಲ್ ಬೇಕು. ಆ್ಯಕ್ಟಿವಾದಂಥ ಗೇರ್ ಇಲ್ಲದ ಸ್ಕೂಟರಿಗೆ ಎಂಬಿ. ಮನೆಯಲ್ಲಿ ಉಳಿದ ಕಾರಿನ ಆಯಿಲ್ ಅಥವಾ ಸ್ಕೂಟರಿನ ಆಯಿಲ್ ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು. ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವಾಗ ಆಕ್ಸಲರೇಟರ್ ಕೊಟ್ಟರೆ ಸದ್ದು ಮಾತ್ರ ಏರಿ ಬೈಕ್ ಎಳೆಯದಿದ್ದರೆ, ಹಿಂದೆ ಬಸ್ಸು ಲಾರಿ ಇರುವಾಗ ಅದು ಜೀವಕ್ಕೇ ಅಪಾಯ.

3. ಎಪಿಐ ದರ್ಜೆ: ಎಸ್‌ಎಲ್, ಎಸ್‌ಎನ್ ಹೀಗೆ. ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಕೆಳಗಿನದು ಬೇಡ.

ಈ ಮೂರು ಸರಿ ಇದ್ದರೆ ಯಾವ ಒಳ್ಳೆ ಕಂಪೆನಿಯದ್ದಾದರೂ ಆಗುತ್ತದೆ. ಕಂಪೆನಿ ಕೇಳದಿದ್ದರೆ ಸಣ್ಣ ಬೈಕಿಗೆ ದುಬಾರಿ ಸಿಂಥೆಟಿಕ್ ಅಗತ್ಯ ಇಲ್ಲ.

ಎರಡು ಸ್ಟ್ರೋಕ್ ಬೇರೆ

ಹಳೆ ಆರ್‌ಎಕ್ಸ್ 100, ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ, ಟಿವಿಎಸ್ ಎಕ್ಸ್‌ಎಲ್ ಸೂಪರ್ ಇವು ಎರಡು ಸ್ಟ್ರೋಕಿನವು. ಪೆಟ್ರೋಲ್ ಜತೆ ಉರಿದುಹೋಗುವ 2ಟಿ ಆಯಿಲ್ ಇಲ್ಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೊಸ ಎಕ್ಸ್‌ಎಲ್ 100 ನಾಲ್ಕು ಸ್ಟ್ರೋಕಿನದ್ದು, ಅದರ ಪೆಟ್ರೋಲಿಗೆ ಆಯಿಲ್ ಬೆರೆಸಬಾರದು. ತೋಟದ ಹುಲ್ಲು ಹೆರೆಯುವ ಮಿಷನ್‌ಗಳಲ್ಲೂ ಎರಡೂ ಬಗೆ ಉಂಟು. ಕೇಳದೆ ಆಯಿಲ್ ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ.

ಯಾವಾಗ ಬದಲಾಯಿಸಬೇಕು?

ಪುಸ್ತಕದಲ್ಲಿ ಕಿಲೋಮೀಟರ್ ಮತ್ತು ತಿಂಗಳು ಎರಡೂ ಇರುತ್ತದೆ. ಯಾವುದು ಮೊದಲು ಬರುತ್ತದೋ ಆಗ ಬದಲಾಯಿಸಬೇಕು. ಆಯಿಲ್ ಕಪ್ಪಾದ ಮಾತ್ರಕ್ಕೆ ಹಾಳಾಯಿತೆಂದು ಅರ್ಥವಲ್ಲ, ಕೊಳೆ ಹಿಡಿದಿಡುವುದೂ ಅದರ ಕೆಲಸ. ಆದರೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಎಂದು ಅರ್ಥ. ನೆರೆ ನೀರಿನಲ್ಲಿ ಮುಳುಗಿದ ಬೈಕಿನ ಆಯಿಲ್ ನೋಡದೆ ಸ್ಟಾರ್ಟ್ ಮಾಡಬಾರದು.

ತಿಂಗಳಿಗೆ ಎರಡು ಸಲವಾದರೂ ಸಮತಟ್ಟು ಜಾಗದಲ್ಲಿ ಬೈಕ್ ನೇರ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಕಡ್ಡಿ ಇರುವ ಹೆಚ್ಚಿನ ಸಣ್ಣ ಬೈಕುಗಳಲ್ಲಿ ಒರೆಸಿದ ಕಡ್ಡಿಯನ್ನು ತಿರುಗಿಸದೆ ಬರೀ ಇಟ್ಟು ತೆಗೆದು ನೋಡಬೇಕು. ಸ್ಕೂಟರಿನಲ್ಲಿ ಹಿಂದಿನ ಚಕ್ರದ ಬಳಿ ಗೇರ್ ಆಯಿಲ್ ಬೇರೆಯೇ ಇರುತ್ತದೆ, ಅದನ್ನು ಮರೆಯುವವರೇ ಹೆಚ್ಚು.

ಡಬ್ಬದ ಸೀಲ್ ನೋಡಿಯೇ ತೆಗೆದುಕೊಳ್ಳಿ, ಬಿಲ್ ಕೇಳಿ. ಖಾಲಿ ಡಬ್ಬ ಹಾಗೇ ಬಿಸಾಡಿದರೆ ನಕಲಿ ಆಯಿಲ್ ತುಂಬಲು ಸಿಗುತ್ತದೆ, ತೂತು ಮಾಡಿ ಹಾಕಿ. ತೆಗೆದ ಹಳೆ ಆಯಿಲ್‌ನ್ನು ತೋಡಿಗೆ, ಬಾವಿ ಬದಿಗೆ ಚೆಲ್ಲದೆ ಗ್ಯಾರೇಜಿಗೇ ಕೊಡಿ.

ಅಂಗಡಿಯವರು ‘ಯಾವ ಕಂಪೆನಿದ್ದು ಬೇಕು?’ ಎನ್ನುವ ಮೊದಲು ‘ಯಾವ ಬೈಕ್, ಯಾವ ವರ್ಷದ್ದು?’ ಎಂದು ಕೇಳಿದರೆ ಗಿರಾಕಿಯ ಇಂಜಿನ್ ಉಳಿಯುತ್ತದೆ, ಗಿರಾಕಿಯೂ ಉಳಿಯುತ್ತಾನೆ.