ಜೋಳ, ಲ್ಯೂಸಿನ್ ಮತ್ತು ಮಿದುಳು

ಅಥಣಿ, ರಾಯಬಾಗ, ಕಾಗವಾಡದ ಮನೆಗಳಲ್ಲಿ ಹಂಚಿನ ಮೇಲೆ ಉಬ್ಬುವ ಬಿಳಿಜೋಳದ ರೊಟ್ಟಿಯಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಹೇರಳ. ಜೋಳವನ್ನೇ ನೆಚ್ಚಿದ ದಖ್ಖನಿನ ಬಡವರಲ್ಲಿ ಪೆಲಾಗ್ರಾ ಕಾಣಿಸುತ್ತಿತ್ತು: ಬಿಸಿಲು ತಾಗಿದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮಂಕು ಕವಿದ ಮನಸ್ಸು. ಇದಕ್ಕೂ ಲ್ಯೂಸಿನ್‌ಗೂ ನಂಟಿದೆಯೆಂದು ಹೈದರಾಬಾದಿನ ಪೌಷ್ಟಿಕತೆ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವಾದಿಸಿದರು. ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಇಇಜಿಯಲ್ಲಿ ದಾಖಲಿಸಿದ ಶ್ರೀಕಂಠಯ್ಯನವರ ಅಧ್ಯಯನ 1968ರಲ್ಲಿ ಪ್ರಕಟವಾಯಿತು. ಚರ್ಮರೋಗವೆಂದು ಕಂಡದ್ದನ್ನು ಮಿದುಳಿನವರೆಗೆ ಬೆನ್ನಟ್ಟಿದ್ದು ದೊಡ್ಡ ಕೆಲಸ.

ಲ್ಯೂಸಿನ್ ಮಿದುಳನ್ನು ತಟ್ಟುವ ಒಂದು ದಾರಿ ಹೀಗೆ: ರಕ್ತದಿಂದ ಮಿದುಳಿಗೆ ಹೋಗಲು ಲ್ಯೂಸಿನ್ ಮತ್ತು ಟ್ರಿಪ್ಟೊಫ್ಯಾನ್ ಎಂಬ ಇನ್ನೊಂದು ಅಮೈನೋ ಆಮ್ಲ ಎರಡೂ ಒಂದೇ ಸಾಗಣೆ ಪ್ರೋಟೀನಿಗೆ ಮುಗಿಬೀಳುತ್ತವೆ, ಸಂತೆಯ ದಿನ ಒಂದೇ ಬಸ್ಸಿಗೆ ಮುಗಿಬೀಳುವ ಜನರಂತೆ. ಲ್ಯೂಸಿನ್ ಹೆಚ್ಚಾದರೆ ಟ್ರಿಪ್ಟೊಫ್ಯಾನ್ ಹೊರಗುಳಿಯುತ್ತದೆ. ಅದಿಲ್ಲದೆ ಮಿದುಳು ಸೆರೊಟೋನಿನ್ ಎಂಬ ನರವಾಹಕವನ್ನು ತಯಾರಿಸಲಾರದು.

ಮುಂದಿನ ಎಲ್ಲ ಪ್ರಯೋಗಗಳೂ ಲ್ಯೂಸಿನ್ ವಾದವನ್ನು ಎತ್ತಿಹಿಡಿಯಲಿಲ್ಲ. ತಪ್ಪು ರೊಟ್ಟಿಯದಲ್ಲ, ಪೆಲಾಗ್ರಾ ರೊಟ್ಟಿಯೊಂದೇ ಊಟವಾದ ಬಡತನದ ಕಾಯಿಲೆ. ಬೇಳೆ, ಹಾಲು, ಮೊಸರು ಟ್ರಿಪ್ಟೊಫ್ಯಾನ್ ಒದಗಿಸುತ್ತವೆ. ಪೆಲಾಗ್ರಾ ತಡೆಯುವ ನಿಯಾಸಿನ್ ಎಂಬ ಜೀವಸತ್ವ ಶೇಂಗಾ ಹಿಂಡಿಯಲ್ಲಿ ಧಾರಾಳವಾಗಿದೆ.