ಮನೆ ನೋಡಬೇಕಾದವರು ಯಾರು?

ಪರೀಕ್ಷಿಸದೆ ಕೊಂಡರೆ ನಷ್ಟ ಕೊಂಡವನದೇ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ನಿಯಮ. ಅಮೆರಿಕದಲ್ಲಿ ಅದನ್ನು ಅಲುಗಾಡಿಸಿದ್ದು ಒಂದು ಮನೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಡಯಾಬ್ಲೊ ಎಂಬಲ್ಲಿ ಮಹಿಳೆಯೊಬ್ಬರು 1,70,000 ಡಾಲರ್ ಕೊಟ್ಟು ಅದನ್ನು ಕೊಂಡರು. ಕೆಲಕಾಲದಲ್ಲೇ ನೆಲ ಜಾರಿತು. ಮನೆ ಕಟ್ಟಿದ್ದು ಸರಿಯಾಗಿ ಗಟ್ಟಿಸದ ತುಂಬುಮಣ್ಣಿನ ಮೇಲೆ! ಹಿಂದೆಯೂ ಮಣ್ಣು ಕುಸಿದಿದ್ದನ್ನು ಮಾರಿದವರು ಹೇಳಿರಲಿಲ್ಲ. ದುರಸ್ತಿಯ ಅಂದಾಜು 2,13,000 ಡಾಲರ್‌ವರೆಗೆ ಏರಿತು, ಅಂದರೆ ಕೊಂಡ ಬೆಲೆಗಿಂತ ಹೆಚ್ಚು.

ಇಳಿಜಾರಿಗೆ ಹೊದಿಸಿದ್ದ ಬಲೆ, ಅತಿಥಿಗೃಹದ ಏರುಪೇರಾದ ನೆಲ ದಲ್ಲಾಳಿಗಳ ಕಣ್ಣಿಗೆ ಬಿದ್ದಿದ್ದವು. ಆದರೂ ಅವರು ಮಣ್ಣು ಪರೀಕ್ಷೆ ಮಾಡಿಸಲಿಲ್ಲ. ತಪ್ಪಿನಲ್ಲಿ ಅವರ ಸಂಸ್ಥೆಯ ಪಾಲು ಶೇ. 5 ಎಂದಷ್ಟೇ ಲೆಕ್ಕವಾಯಿತು. ಆದರೆ ದಲ್ಲಾಳಿಯೂ ಮನೆಯನ್ನು ಪರಿಶೀಲಿಸಿ ದೋಷಗಳನ್ನು ಕೊಳ್ಳುವವರಿಗೆ ತಿಳಿಸಬೇಕು ಎಂದು 1984ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ದೊಡ್ಡ ಮಾತು. 1985ರಲ್ಲಿ ಅದು ಶಾಸನವಾಯಿತು, ಕಣ್ಣಿಗೆ ಕಾಣುವ ಭಾಗಗಳಿಗೆ ಮಾತ್ರ ಎಂಬ ಮಿತಿಯೊಡನೆ. ಬಲೆ ಕಂಡೀತು, ಅದರಡಿಯ ಮಣ್ಣು ಕಾಣದು.